ವಾರ್ಡಿನಿಂದ ಬಸ್ ಸ್ಟ್ಯಾಂಡಿನವರೆಗೆ ಜೊತೆಗೊಬ್ಬರನ್ನು ಕೊಡಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಇಲಾಖೆಯ ಅಧಿಕಾರಿಗಳಿಗೆ, ಮತ್ತು ಮನೆಯಲ್ಲಿ ಕುಡಿತದ ಕಷ್ಟ ಕಂಡಿರುವ ಎಲ್ಲರಿಗೂ,

ನಮಸ್ಕಾರ.

ನಾನು ಮೋಟರ್ ರಿವೈಂಡಿಂಗ್ ಕೆಲಸದವನು. ಹಳೇ ಮೈಸೂರು ಕಡೆಯ ಒಂದು ತಾಲೂಕು ಪಟ್ಟಣದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ರೈತರು ಸುಟ್ಟುಹೋದ ಬೋರ್‌ವೆಲ್ ಮೋಟರ್ ತಂದು ಹಾಕುತ್ತಾರೆ. ನಾನು ಹಳೇ ತಂತಿ ತೆಗೆದು ಹೊಸದು ಸುತ್ತಿ ಕೊಡುತ್ತೇನೆ. 14 ವರ್ಷ ಕುಡಿದೆ. ಬಿಟ್ಟು 9 ವರ್ಷ ಆಯ್ತು. ಹೆಸರು ಹಾಕುತ್ತಿಲ್ಲ. ಕುಡಿತ ಬಿಟ್ಟವರು ಸೇರುವ ಮೀಟಿಂಗಿಗೆ ನಾನು ಹೋಗುತ್ತೇನೆ, ಅಲ್ಲಿನ ಪದ್ಧತಿ ಹಾಗಿದೆ. ಮನೆಯಲ್ಲಿ ಮಗಳ ಮದುವೆ ಮಾತುಕತೆಯೂ ನಡೆಯುತ್ತಿದೆ.

ನಾನು ಕೇಳುವುದು ಒಂದೇ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕುಡಿತ ಬಿಡಿಸುವ ತಂಡದಲ್ಲಿ, ಕುಡಿದು ಬಿಟ್ಟವರಿಗೂ ಒಂದು ಕುರ್ಚಿ ಕೊಡಿ. ಡಾಕ್ಟರ್ ಪಕ್ಕದಲ್ಲಿ, ನರ್ಸ್ ಪಕ್ಕದಲ್ಲಿ, ತಂಡದ ಒಬ್ಬರಾಗಿ. ಇದಕ್ಕೆ ಪೀರ್ ಸಪೋರ್ಟ್ ಅಂತ ಹೆಸರಿದೆ. ನಮ್ಮ ಕಡೆ ಹಾಗೆ ಯಾರೂ ಕರೆಯುವುದಿಲ್ಲ. "ಅವರು ಬಿಟ್ಟವರು ಕಣಪ್ಪ, ಅವರ ಹತ್ರ ಮಾತಾಡು" ಅಂತಾರೆ, ಅಷ್ಟೇ. ನಾನೂ ಈ ಪತ್ರದಲ್ಲಿ "ಬಿಟ್ಟವರು" ಅಂತಲೇ ಬರೆಯುತ್ತೇನೆ.

ಯಾಕೆ ಕೇಳುತ್ತಿದ್ದೇನೆ ಅಂತ ಹೇಳೋಕೆ ನನ್ನ ಕಥೆಯಿಂದಲೇ ಶುರು ಮಾಡಬೇಕು.

ಮೊದಲನೇ ಸಲ ನಾನು ಅಡ್ಮಿಟ್ ಆಗಿದ್ದು 10 ದಿನ. ಡಾಕ್ಟರ್ ಒಳ್ಳೆಯವರು. ನರ್ಸಮ್ಮ ಇನ್ನೂ ಒಳ್ಳೆಯವರು. ಕೈನಡುಕ ನಿಂತಿತು, ಊಟ ಸೇರತೊಡಗಿತು, ಎಷ್ಟೋ ವರ್ಷದ ಮೇಲೆ ರಾತ್ರಿ ನಿದ್ದೆ ಬಂತು. ಡಿಸ್ಚಾರ್ಜ್ ದಿನ ಒಂದು ಚೀಟಿ ಕೊಟ್ಟು, ಹದಿನೈದು ದಿನ ಬಿಟ್ಟು ಬನ್ನಿ ಅಂದರು. ಆಸ್ಪತ್ರೆ ಗೇಟಿನಿಂದ ಬಸ್ ಸ್ಟ್ಯಾಂಡಿಗೆ ನಡೆದರೆ ಹತ್ತು ನಿಮಿಷ. ಆ ದಾರಿಯಲ್ಲಿ ಎರಡು ಬಾರು, ಒಂದು ವೈನ್ ಶಾಪು. ಹೆಂಡತಿ ಮಾತ್ರೆ ತರೋಕೆ ಮೆಡಿಕಲ್ ಸ್ಟೋರಿಗೆ ಹೋದಳು. ನಾನು ಬ್ಯಾಗು ಹಿಡಿದು ಗೇಟಿನ ಹತ್ತಿರ ನಿಂತೆ. ಅವಳು ವಾಪಸ್ ಬರುವಷ್ಟರಲ್ಲಿ ನಾನು ಅಲ್ಲಿರಲಿಲ್ಲ. ಬ್ಯಾಗು ಮಾತ್ರ ಗೇಟಿನ ಕಂಬಕ್ಕೆ ಒರಗಿಕೊಂಡಿತ್ತು.

ಆ ಬ್ಯಾಗಿನ ಮಾತು ನನ್ನ ಹೆಂಡತಿ ಇವತ್ತಿಗೂ ಆಡುತ್ತಾಳೆ. ಬೈಯೋಕಲ್ಲ. ನೆನಪಾದಾಗ ಅವಳ ಬಾಯಿಗೆ ಮೊದಲು ಬರುವುದೇ ಅದು.

ಎರಡನೇ ಸಲ ಅಡ್ಮಿಟ್ ಆಗಿದ್ದು 11 ತಿಂಗಳಾದ ಮೇಲೆ. ಅದೇ ವಾರ್ಡು, ಅದೇ ಮಾತ್ರೆ, ಅದೇ ಥಯಮಿನ್ ಇಂಜೆಕ್ಷನ್. ಈ ಸಲ ಸಂಜೆ ಹೊತ್ತು ಒಬ್ಬರು ಬರುತ್ತಿದ್ದರು. ರಿಟೈರ್ಡ್ ಲೈನ್‌ಮ್ಯಾನ್. ಅರವತ್ತು ದಾಟಿದ ಮನುಷ್ಯ, ಕಾಲರ್ ಸವೆದ ಬಿಳಿ ಷರಟು. ಯಾರೂ ಅವರನ್ನು ನೇಮಿಸಿರಲಿಲ್ಲ. ನರ್ಸಮ್ಮನಿಗೆ ಪರಿಚಯ, ಅದಕ್ಕೆ ಒಳಗೆ ಬಿಡುತ್ತಿದ್ದರು. ಬಂದವರು ಉಪದೇಶ ಮಾಡಲಿಲ್ಲ. ಮಂಚದ ಪಕ್ಕ ಸ್ಟೂಲು ಎಳೆದುಕೊಂಡು, "ಬೆಳಿಗ್ಗೆ ಎದ್ದ ತಕ್ಷಣ ಹಾಕ್ತಿದ್ರಾ, ಇಲ್ಲ ಹಲ್ಲುಜ್ಜಿ ಹಾಕ್ತಿದ್ರಾ?" ಅಂತ ಕೇಳಿದರು. ಆ ಪ್ರಶ್ನೆ ಕೇಳಿದ ಮೇಲೆ ಅವರ ಹತ್ತಿರ ನಾನು ಸುಳ್ಳು ಹೇಳಲಿಲ್ಲ. ಡಾಕ್ಟರ್ ಹತ್ತಿರ ದಿನಕ್ಕೆ ಒಂದು ಕ್ವಾರ್ಟರ್ ಅಂದಿದ್ದೆ. ಇವರ ಹತ್ತಿರ ನಾಲ್ಕು ಅಂತ ಒಪ್ಪಿಕೊಂಡೆ.

ಡಿಸ್ಚಾರ್ಜ್ ದಿನ ಅವರು ಗೇಟಿನ ಹತ್ತಿರ ನಿಂತಿದ್ದರು. "ಜೇಬಲ್ಲಿ ಎಷ್ಟಿದೆ?" ಅಂದರು. ನಾನೂರು ಅಂದೆ. "ಅದನ್ನ ಅಕ್ಕನ ಕೈಗೆ ಕೊಡಿ." ಕೊಟ್ಟೆ. "ಬನ್ನಿ, ಈ ಕಡೆ ಫುಟ್‌ಪಾತಲ್ಲಿ ನಡೆಯೋಣ." ಬಾರುಗಳು ಆ ಕಡೆ ಇದ್ದವು. ಬಸ್ ಸ್ಟ್ಯಾಂಡಿನಲ್ಲಿ ಜಾಸ್ತಿ ಸಕ್ಕರೆ ಹಾಕಿಸಿ ಟೀ ಕೊಡಿಸಿದರು, ಒಂದು ಬನ್ ತಿನ್ನಿಸಿದರು. ಹೊಟ್ಟೆ ಖಾಲಿ ಇದ್ದಾಗ ಆಸೆ ಜಾಸ್ತಿ ಆಗುತ್ತದೆ ಅಂತ ಅವರಿಗೆ ಮೈಯಿಂದಲೇ ಗೊತ್ತಿತ್ತು. ಬಸ್ಸು ಬಂದಾಗ ಕಿಟಕಿ ಹತ್ತಿರ ಬಂದು, "ಊರು ಮುಟ್ಟೋ ತನಕ ಎಲ್ಲೂ ಇಳೀಬೇಡಿ. ಮುಟ್ಟಿದ ತಕ್ಷಣ ಮಿಸ್ಡ್ ಕಾಲ್ ಕೊಡಿ. ನಾಳೆ ಬೆಳಿಗ್ಗೆ ಇನ್ನೊಂದು ಕೊಡಿ" ಅಂದರು.

ಕೊಟ್ಟೆ. ಮಾರನೇ ದಿನವೂ ಕೊಟ್ಟೆ. ಮೂರು ತಿಂಗಳು ದಿನಾ ಕೊಟ್ಟೆ.

ಈಗ ಅವರಿಲ್ಲ. ಅವರು ಹೋದ ಮೇಲೆ ಆ ಕೆಲಸ ನಾನು ಮಾಡುತ್ತಿದ್ದೇನೆ. ಮಂಗಳವಾರ ಮನೋಚೈತನ್ಯ ಕ್ಲಿನಿಕ್ಕಿಗೆ ಮನೋವೈದ್ಯರು ನಮ್ಮ ತಾಲೂಕು ಆಸ್ಪತ್ರೆಗೆ ಬಂದಾಗ, ಓಪಿಡಿ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಯಾರನ್ನಾದರೂ ದೊಡ್ಡ ಆಸ್ಪತ್ರೆಗೆ ಸೇರಿಸಿದರೆ ಅಲ್ಲಿಗೂ ಹೋಗುತ್ತೇನೆ.

ನನ್ನ ಕಸುಬಿನ ಒಂದು ಮಾತು ಹೇಳಲಾ? ಸುತ್ತಿದ ಮೋಟರನ್ನು ಅಂಗಡಿಯಲ್ಲಿ ಓಡಿಸಿ ನೋಡಿದರೆ ಚೆನ್ನಾಗೇ ಓಡುತ್ತದೆ. ಅದನ್ನ ಬೋರ್‌ಗೆ ಇಳಿಸಿ, ಪೈಪು ತುಂಬಾ ನೀರಿನ ಭಾರ ಬಿದ್ದು, ನಮ್ಮೂರಿನ ಲೋ ವೋಲ್ಟೇಜಿನಲ್ಲಿ ಓಡಿಸಿದಾಗಲೇ ಸುತ್ತಿದ್ದು ಸರಿಯಾಗಿದೆಯೋ ಇಲ್ಲವೋ ಗೊತ್ತಾಗುವುದು. ಅದಕ್ಕೇ ಮೊದಲ ದಿನ ನಾನು ರೈತರ ಜೊತೆ ತೋಟಕ್ಕೆ ಹೋಗುತ್ತೇನೆ. ಸ್ಟಾರ್ಟರ್ ಪಕ್ಕ ನಿಂತು ಆಂಪಿಯರ್ ನೋಡುತ್ತೇನೆ. ನಮ್ಮ ಆಸ್ಪತ್ರೆಗಳು ಮನುಷ್ಯನನ್ನು ಹತ್ತು ದಿನ ಇಟ್ಟುಕೊಂಡು ಚೆನ್ನಾಗಿ ರಿಪೇರಿ ಮಾಡುತ್ತವೆ. ತೋಟಕ್ಕೆ ಜೊತೆಯಲ್ಲಿ ಹೋಗುವವರು ಯಾರೂ ಇಲ್ಲ.

ಲೆಕ್ಕ ತಮ್ಮ ಬಳಿಯೇ ಇದೆ. ಆದರೂ ಓದುಗರಿಗಾಗಿ ಬರೆಯುತ್ತೇನೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್‌ನವರು ಮಾಡಿದ ಸಮೀಕ್ಷೆ 2019ರಲ್ಲಿ ಬಂತು. ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ. ಅದರಲ್ಲಿ 5.7 ಕೋಟಿ ಜನಕ್ಕೆ ಕುಡಿತವೇ ಕಷ್ಟವಾಗಿದೆ, ಅವರಿಗೆ ಸಹಾಯ ಬೇಕು. ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಅದಕ್ಕೂ ಮೊದಲು, 2015-16ರಲ್ಲಿ, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಕೂಡ ಇದನ್ನೇ ಹೇಳಿತ್ತು. ಕುಡಿತದ ಕಾಯಿಲೆ ಇರುವವರಲ್ಲಿ ಶೇ. 86.3ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿಲ್ಲ.

180ರಲ್ಲಿ ಒಬ್ಬ! ಅಷ್ಟು ಕಷ್ಟಪಟ್ಟು ವಾರ್ಡಿನ ತನಕ ಬಂದವನನ್ನು ನಾವು ಗೇಟಿನ ಹತ್ತಿರ ಒಬ್ಬನೇ ಬಿಟ್ಟು ಬರುತ್ತೇವೆ. ನನಗೆ ಹೊಟ್ಟೆ ಉರಿಯುವುದು ಅಲ್ಲಿ.

ಒಂದು ವಿಷಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಬಿಟ್ಟವರು ಡಾಕ್ಟರ್ ಜಾಗಕ್ಕೆ ಬರುವವರಲ್ಲ. ಬರಲೂಬಾರದು. ಹೋದ ಮಳೆಗಾಲದಲ್ಲಿ ರಾತ್ರಿ ಮೂರು ಗಂಟೆಗೆ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. "ಅಣ್ಣಾ, ಇವರು ಕುಡಿಯೋದು ನಿಲ್ಲಿಸಿ ಮೂರು ದಿನ ಆಯ್ತು. ಗೋಡೆ ಮೇಲೆ ಇರುವೆ ಹರೀತಿದೆ ಅಂತ ಕೈಯಲ್ಲಿ ಉಜ್ಜುತ್ತಿದ್ದಾರೆ. ಇರುವೆ ಇಲ್ಲ." ಮನೆಯವರೆಲ್ಲ ಸೇರಿ, ಗಟ್ಟಿ ಮನಸ್ಸು ಮಾಡು ಅಂತ ಅವರನ್ನು ರೂಮಿನಲ್ಲಿ ಕೂರಿಸಿದ್ದರು. ಗಟ್ಟಿ ಮನಸ್ಸಿನಿಂದ ಆಗುವ ಕೆಲಸವಲ್ಲ ಅದು. ದಿನಾ ಜಾಸ್ತಿ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ತಲೆ ಗೊಂದಲವಾಗಿ, ಇಲ್ಲದ್ದು ಕಂಡು, ಜೀವಕ್ಕೇ ಅಪಾಯ ಆಗಬಹುದು. 108ಕ್ಕೆ ಫೋನ್ ಮಾಡಿಸಿ ಆಸ್ಪತ್ರೆಗೆ ಸೇರಿಸಿದೆವು. ಆ ಮನುಷ್ಯ ಉಳಿದಿದ್ದು ಡಾಕ್ಟರ್ ಕೊಟ್ಟ ಔಷಧಿಯಿಂದ. ನಾನು ಮಾಡಿದ್ದು, ಇದು ಆಸ್ಪತ್ರೆಯ ಕೆಲಸ ಅಂತ ಸರಿಯಾದ ಹೊತ್ತಿಗೆ ಹೇಳಿದ್ದು ಮಾತ್ರ. ಅದನ್ನು ಹೇಳೋಕೆ ನನಗೆ ಕಲಿಸಿದ್ದೂ ಒಬ್ಬ ಸೈಕಿಯಾಟ್ರಿಕ್ ನರ್ಸ್.

ಬಿಟ್ಟವರಲ್ಲೂ ತಪ್ಪು ತಿಳಿದವರಿದ್ದಾರೆ. ಮಾತ್ರೆ ನುಂಗುವುದೂ ಒಂದು ಚಟವೇ, ಅದನ್ನೂ ಬಿಡು ಅಂತ ಹೇಳುವವರನ್ನು ನಾನೇ ಕಂಡಿದ್ದೇನೆ. ಅದರಿಂದ ಅನಾಹುತ ಆಗುತ್ತದೆ. ಆದ್ದರಿಂದಲೇ ನಾವು ತಂಡದ ಒಳಗಿರಬೇಕು. ಹೊರಗೆ ಬೆಂಚಿನ ಮೇಲೆ ಕೂತವನನ್ನು ಯಾರೂ ತಿದ್ದುವುದಿಲ್ಲ. ಒಳಗೆ ಕೂತರೆ ಡಾಕ್ಟರ್ ತಿದ್ದುತ್ತಾರೆ.

ಹೊರಗೆ ಕೂರಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಇನ್ನೊಂದು ಘಟನೆ.

ಒಂದು ಆಸ್ಪತ್ರೆಯಲ್ಲಿ ಗಾರೆ ಕೆಲಸದ ಹುಡುಗನೊಬ್ಬ ಅಡ್ಮಿಟ್ ಆಗಿದ್ದ. 26 ವರ್ಷ. ಕುಡಿದರೆ ಮೈಗೆ ಆಗದ ಹಾಗೆ ಮಾಡುವ ಡೈಸಲ್ಫಿರಾಮ್ ಮಾತ್ರೆ ಶುರು ಮಾಡಿದ್ದರು. ಒಂದು ಸಂಜೆ ಅವನು ನನ್ನ ಹತ್ತಿರ ಮೆಲ್ಲಗೆ ಹೇಳಿದ. "ಅಣ್ಣ, ಆ ಮಾತ್ರೆ ನಾನು ನುಂಗ್ತಿಲ್ಲ. ನಾಲಿಗೆ ಕೆಳಗೆ ಇಟ್ಕೊಂಡು ಉಗೀತೀನಿ. ಅದರ ಮೇಲೆ ಕುಡಿದ್ರೆ ಸತ್ತೋಗ್ತಾರಂತೆ." ಹೆದರಿದ್ದ. ನಾನು ಕೇಳಿದೆ, ಯಾವಾಗ ಡಿಸ್ಚಾರ್ಜ್? "ಶನಿವಾರ." ನನ್ನ ಎದೆ ಧಸಕ್ ಅಂತು. ಗಾರೆ ಕೆಲಸದವರಿಗೆ ಶನಿವಾರ ಬಟವಾಡೆ. ಬಾಕಿ ಕೂಲಿ ಕೈಗೆ ಬರುವ ದಿನ, ಜೊತೆಗಾರರೆಲ್ಲ ಸಾಯಂಕಾಲ ಒಟ್ಟಿಗೆ ಹೋಗುವ ದಿನ. ಬೇರೆ ಯಾವ ದಿನ ಬೇಕಾದರೂ ಕಳಿಸಿ, ಶನಿವಾರ ಬೇಡ. "ಡಾಕ್ಟರ್‌ಗೆ ಹೇಳ್ಲಾ?" ಅಂದೆ. "ನೀವೇ ಹೇಳಿ ಅಣ್ಣ, ನನಗೆ ಭಯ" ಅಂದ.

ಮಾರನೇ ಬೆಳಿಗ್ಗೆ ರೌಂಡ್ಸ್ ಹೊತ್ತಿಗೆ ಹೋದೆ. ಬಾಗಿಲಲ್ಲಿ ಸೆಕ್ಯುರಿಟಿಯವರು ತಡೆದರು. ಯಾರು ನೀವು? ರೋಗಿ ಕಡೆಯವರಾ? ಪಾಸ್ ಎಲ್ಲಿ? ನಾನು ಏನಂತ ಹೇಳಲಿ? ಸಂಬಂಧಿಕನಲ್ಲ, ನೌಕರನಲ್ಲ. ಅವರದೂ ತಪ್ಪಿಲ್ಲ, ಅವರ ಕೆಲಸ ಅವರು ಮಾಡಿದರು. ಹೊರಗಿನ ಕೌಂಟರಿನಲ್ಲಿ ಒಬ್ಬರಿಗೆ ಹೇಳಿ ಬಂದೆ. ಅವರು ತಲೆ ಅಲ್ಲಾಡಿಸಿದರು. ಕೇಸ್ ಶೀಟಿನಲ್ಲಿ ಅದು ಬರಲೇ ಇಲ್ಲ. ಹುಡುಗ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮನೆಗೆ ಹೋದ. ಮೂರು ವಾರಕ್ಕೆ ಕಣ್ಣು ಹಳದಿಯಾಗಿ ವಾಪಸ್ ಬಂದ.

ಆ ಡಾಕ್ಟರಿಗೆ ಈ ಎರಡು ಮಾತು ಗೊತ್ತಿದ್ದಿದ್ದರೆ ಮಾತ್ರೆ ಬದಲಾಯಿಸುತ್ತಿದ್ದರೋ, ಭಯ ಬಿಡಿಸುತ್ತಿದ್ದರೋ, ಸೋಮವಾರ ಕಳಿಸುತ್ತಿದ್ದರೋ. ಏನಾದರೂ ಮಾಡುತ್ತಿದ್ದರು. ಕಲಿತವರಿಗೆ ಔಷಧಿ ಗೊತ್ತು. ನಮಗೆ ಬಟವಾಡೆ ದಿನ ಗೊತ್ತು. ಎರಡೂ ಒಂದೇ ಮೇಜಿನ ಮೇಲೆ ಬರಬೇಕು, ಅಲ್ವಾ?

ಇದು ಹೊಸ ವಿಚಾರವೇನೂ ಅಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಅನ್ನುವ ಊರಿಗೆ ವ್ಯವಹಾರಕ್ಕೆ ಬಂದ ಬಿಲ್ ವಿಲ್ಸನ್, ಕೆಲಸ ಕೆಟ್ಟು ಹೋಟೆಲಿನ ಲಾಬಿಯಲ್ಲಿ ನಿಂತಿದ್ದ. ಒಂದು ಕಡೆ ಬಾರಿನ ಸದ್ದು, ಇನ್ನೊಂದು ಕಡೆ ಫೋನು. ಅವನು ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಅವನು ಫೋನಿನ ಕಡೆ ಹೋಗಿ, ಮಾತಾಡೋಕೆ ಇನ್ನೊಬ್ಬ ಕುಡುಕ ಬೇಕು ಅಂತ ಊರೆಲ್ಲ ಹುಡುಕಿದ. ಸಿಕ್ಕಿದ್ದು ಡಾಕ್ಟರ್ ಬಾಬ್ ಸ್ಮಿತ್, ಒಬ್ಬ ಸರ್ಜನ್. ಇಬ್ಬರೂ ಸೇರಿ ಕಟ್ಟಿದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ, ನಾವು ಎಎ ಅನ್ನುವುದು. ನಾಲ್ಕು ವರ್ಷಕ್ಕೆ, 1939ರಲ್ಲಿ, ಅದೇ ಊರಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಷಿಯಾ ಅನ್ನುವ ಸನ್ಯಾಸಿನಿ ಮತ್ತು ಡಾಕ್ಟರ್ ಬಾಬ್ ಸೇರಿ ಕುಡಿತದ ರೋಗಿಗಳನ್ನು ಸೇರಿಸಿಕೊಳ್ಳತೊಡಗಿದರು. ಬಿಟ್ಟವರು ವಾರ್ಡಿಗೆ ಬಂದು ಮಂಚದ ಪಕ್ಕ ಕೂರುತ್ತಿದ್ದರು. ಡಾಕ್ಟರ್, ನರ್ಸ್, ಬಿಟ್ಟವರು. ಆಗಲೇ ತಂಡ ತಯಾರಾಗಿತ್ತು.

ಇದು ಕೆಲಸ ಮಾಡುತ್ತದೆಯೇ ಅಂತ ಪರೀಕ್ಷಿಸಿಯೂ ಆಗಿದೆ. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ಚಿಕಿತ್ಸಕರು ರೋಗಿಯನ್ನು ಕ್ರಮವಾಗಿ ಎಎ ಜೊತೆ ಜೋಡಿಸಿದಾಗ, ಸ್ವಲ್ಪವೂ ಕುಡಿಯದೆ ಉಳಿದವರ ಸಂಖ್ಯೆ ಬೇರೆ ಚಿಕಿತ್ಸೆಗಳಿಗಿಂತ ಜಾಸ್ತಿ ಇತ್ತು. ಇಲ್ಲಿ ಮುಖ್ಯ ಮಾತು "ಜೋಡಿಸಿದಾಗ" ಅನ್ನುವುದು. ಸುಮ್ನೆ ಗೋಡೆಗೆ ಒಂದು ಫೋನ್ ನಂಬರ್ ಅಂಟಿಸಿದರೆ ಜೋಡಿಸಿದ ಹಾಗಲ್ಲ. ಕೈ ಹಿಡಿದು ಕರೆದುಕೊಂಡು ಹೋಗಬೇಕು.

ಅಮೆರಿಕದ ಜಾರ್ಜಿಯಾ ರಾಜ್ಯ 1999ರಲ್ಲೇ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರಿಗೆ ತರಬೇತಿ ಕೊಟ್ಟು, ಅವರ ಕೆಲಸಕ್ಕೆ ಸರ್ಕಾರಿ ಆರೋಗ್ಯ ವಿಮೆಯಿಂದ ಹಣ ಕೊಡತೊಡಗಿತು. 2007ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ಪತ್ರ ಬರೆದು, ಮಾನಸಿಕ ಕಾಯಿಲೆಗೂ ವ್ಯಸನಕ್ಕೂ ಹೀಗೆ ಮಾಡಬಹುದು ಅಂತ ದಾರಿ ಬಿಟ್ಟಿತು. ಜೊತೆಗೆ ಮೂರು ಷರತ್ತು ಹಾಕಿತು. ಅವರ ಮೇಲೆ ಪರಿಣತರ ಮೇಲ್ವಿಚಾರಣೆ ಇರಬೇಕು. ಅವರ ಕೆಲಸ ರೋಗಿಯ ಚಿಕಿತ್ಸಾ ಯೋಜನೆಯ ಒಳಗೇ ಬರಬೇಕು. ತರಬೇತಿ ಮತ್ತು ಪ್ರಮಾಣಪತ್ರ ಇರಬೇಕು. ನಮಗೂ ಇದೇ ಮೂರು ಸಾಕು.

ಅಷ್ಟು ದೂರ ಯಾಕೆ? ನಮ್ಮಲ್ಲೇ ನೋಡಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಎಂಟು ದಿನದ ಮದ್ಯವರ್ಜನ ಶಿಬಿರ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರಿ ನವಜೀವನ ಸಮಿತಿ ಅಂತ ಮಾಡಿಕೊಳ್ಳುತ್ತಾರೆ. ಸಮಿತಿಗೆ ಬರುವವರು ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರುತ್ತಾರೆ. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ ಜೊತೆಗಿರುತ್ತಾರೆ. ಪಕ್ಕದ ಚೆನ್ನೈಯ ಟಿಟಿಕೆ ಆಸ್ಪತ್ರೆ 1980ರಲ್ಲಿ ಶುರುವಾಗಿದ್ದು. ಬಿಟ್ಟವರನ್ನು ಆಪ್ತಸಲಹೆಗೆ ಬಳಸಿಕೊಂಡು ಬಂದ ಜಾಗ ಅದು. ಗೋವಾದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಈ ವಿಷಯ ಓದಿ ಡಿಗ್ರಿ ಪಡೆಯದ ಸಾಮಾನ್ಯ ಜನಕ್ಕೇ ತರಬೇತಿ ಕೊಟ್ಟು ಕುಡಿಯುವವರ ಜೊತೆ ಮಾತಾಡಿಸಿದರು. ಸಂಗಾತ್ ಸಂಸ್ಥೆಯ ಆ ಪ್ರಯೋಗದಲ್ಲಿ ಒಳ್ಳೆ ಫಲ ಬಂದು, ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಸರ್ಕಾರಕ್ಕೂ ಇದು ಹೊಸದಲ್ಲ. ಊರಿನ ಹೆಣ್ಣುಮಗಳನ್ನೇ ಆಶಾ ಕಾರ್ಯಕರ್ತೆ ಮಾಡಿ ಆರೋಗ್ಯ ವ್ಯವಸ್ಥೆ ಒಳಗೆ ತಂದವರು ತಾವು. ಎಚ್‌ಐವಿ ಕಾರ್ಯಕ್ರಮದಲ್ಲಿ ಆಯಾ ಸಮುದಾಯದವರೇ ಪೀರ್ ಎಜುಕೇಟರ್ ಆಗಿ ಎಷ್ಟೋ ವರ್ಷದಿಂದ ದುಡಿಯುತ್ತಿದ್ದಾರೆ. ಅಷ್ಟೇ ಅಲ್ಲ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅನ್ನುವುದು ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಮಾಡಿ ತೋರಿಸಿದ ಮಾದರಿಯನ್ನೇ 1996ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆ ತೆಗೆದುಕೊಂಡಿತು. ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಆಗುವ ಕೆಲಸ ಅಂದುಕೊಂಡಿದ್ದನ್ನು ತಾಲೂಕಿನ ಡಾಕ್ಟರೂ ಮಾಡಬಹುದು ಅಂತ ತೋರಿಸಿದ ರಾಜ್ಯ ಇದು. ಅದಕ್ಕೇ ತಮ್ಮನ್ನು ಕೇಳುತ್ತಿದ್ದೇನೆ.

ಕಾನೂನೂ ನಮ್ಮ ಕಡೆಗಿದೆ. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಆಗುವ ಮಾನಸಿಕ ತೊಂದರೆಯನ್ನೂ ಮಾನಸಿಕ ಕಾಯಿಲೆಯೊಳಗೆ ಸೇರಿಸಿದೆ. ಅದೇ ಕಾಯ್ದೆ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಕಾಯಿಲೆ ಅನುಭವಿಸಿದವರ ಪರವಾಗಿ ಒಬ್ಬರು ಇರಬೇಕು ಅನ್ನುತ್ತದೆ. ಮೇಲಿನ ಸಭೆಯಲ್ಲಿ ಅನುಭವಕ್ಕೆ ಜಾಗ ಇದೆ ಅಂದ ಮೇಲೆ, ಕೆಳಗಿನ ವಾರ್ಡಿನಲ್ಲಿ ಯಾಕಿಲ್ಲ?

ಹಾಗಾದರೆ ಏನು ಮಾಡಬೇಕು?

ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ಈಗ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಸೋಷಿಯಲ್ ವರ್ಕರ್, ನರ್ಸ್ ಇದ್ದಾರೆ. ಇದಕ್ಕೆ ಇಬ್ಬರು ಬಿಟ್ಟವರನ್ನು ಸೇರಿಸಿ. ಒಬ್ಬರಲ್ಲ, ಇಬ್ಬರು. ಒಬ್ಬರೇ ಇದ್ದರೆ ಅವರಿಗೆ ಭಾರ ಜಾಸ್ತಿ ಆಗುತ್ತದೆ. ಇಬ್ಬರಲ್ಲಿ ಒಬ್ಬರು ಹೆಂಗಸಾದರೆ ಇನ್ನೂ ಒಳ್ಳೆಯದು. ಕುಡಿತದ ಕಷ್ಟ ಇರುವ ಹೆಂಗಸರು ನಮ್ಮ ಗಂಡಸರ ವಾರ್ಡಿನ ಹತ್ತಿರಕ್ಕೂ ಬರುವುದಿಲ್ಲ. ನನ್ನಂಥವನ ಹತ್ತಿರ ಮಾತಾಡುವುದೂ ಇಲ್ಲ. ಗಂಡನ ಕುಡಿತದಿಂದ ನೊಂದ ಹೆಂಡತಿಯರಿಗೂ, ಆ ದಾರಿಯಲ್ಲಿ ನಡೆದು ಬಂದ ಇನ್ನೊಬ್ಬ ಹೆಂಡತಿಯೇ ಬೇಕು. ನನ್ನ ಹೆಂಡತಿ ಹತ್ತು ನಿಮಿಷ ಮಾತಾಡಿ ಧೈರ್ಯ ತುಂಬಿದಷ್ಟು ನಾನು ಒಂದು ದಿನ ಮಾತಾಡಿದರೂ ಆಗುವುದಿಲ್ಲ.

ವಾರಕ್ಕೊಮ್ಮೆ ತಂಡ ಕೂತು ರೋಗಿಗಳ ವಿಷಯ ಮಾತಾಡುವಾಗ ಆ ಇಬ್ಬರೂ ಅಲ್ಲಿರಲಿ. ಡಿಸ್ಚಾರ್ಜ್ ದಿನ ಯಾವುದು ಅಂತ ತೀರ್ಮಾನಿಸುವಾಗ ಅವರನ್ನೂ ಕೇಳಿ. ಕೇಸ್ ಶೀಟಿನಲ್ಲಿ ಅವರು ಬರೆಯೋಕೆ ಒಂದು ಜಾಗ ಬಿಡಿ. ನಾಲ್ಕು ಸಾಲು ಸಾಕು. ಮನೆಗೆ ಹೋದ ಮೇಲೆ ಮೊದಲ ಮೂರು ತಿಂಗಳು ಫೋನ್ ಮಾಡುವ, ಮನೆಗೆ ಹೋಗಿ ನೋಡುವ, ಫಾಲೋಅಪ್‌ಗೆ ಕರೆತರುವ ಹೊಣೆ ಅವರದೇ ಇರಲಿ. ಮತ್ತೆ ಕುಡಿಯುವವರಲ್ಲಿ ಜಾಸ್ತಿ ಜನ ಜಾರುವುದು ಆ ಮೊದಲ ತಿಂಗಳುಗಳಲ್ಲೇ.

ಗುಟ್ಟಿನ ಪ್ರಶ್ನೆ ಬರುತ್ತದೆ. ರೋಗಿ ನಂಬಿ ಹೇಳಿದ್ದನ್ನೆಲ್ಲ ತಂಡಕ್ಕೆ ಹೇಳಿದರೆ ನಾಳೆ ನಮ್ಮ ಹತ್ತಿರ ಯಾರೂ ಬಾಯಿ ಬಿಡುವುದಿಲ್ಲ. ಹೇಳದೇ ಇದ್ದರೆ ಜೀವ ಹೋಗಬಹುದು. ನಾನು ಪಾಲಿಸುವ ದಾರಿ ಇಷ್ಟು. ಶುರುವಿನಲ್ಲೇ, "ಜೀವಕ್ಕೆ ಅಪಾಯ ಇರೋ ವಿಷಯ, ಔಷಧಿ ವಿಷಯ ಡಾಕ್ಟರಿಗೆ ಹೇಳ್ತೀನಿ. ಉಳಿದಿದ್ದು ನಮ್ಮಿಬ್ಬರ ಮಧ್ಯೆ" ಅಂತ ಹೇಳಿಬಿಡುತ್ತೇನೆ. ಇದನ್ನು ತಾವು ನಿಯಮವಾಗಿಯೇ ಬರೆದರೆ ಎಲ್ಲರಿಗೂ ನಿಶ್ಚಿಂತೆ.

ಕೆಲವರು ಕೇಳುತ್ತಾರೆ, ಆ ಬಿಟ್ಟವರೇ ಮತ್ತೆ ಕುಡಿದರೆ? ಕುಡಿಯಬಹುದು. ಇದು ಹಾಗೆ ಮರುಕಳಿಸುವ ಕಾಯಿಲೆಯೇ. ಕನಿಷ್ಠ ಎರಡು ವರ್ಷ ಕುಡಿಯದೆ ಇದ್ದವರನ್ನೇ ತೆಗೆದುಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ಹಾಗಿದ್ದೂ ಜಾರಿದರೆ ಕೆಲಸದಿಂದ ಕಿತ್ತುಹಾಕಬೇಡಿ. ರಜೆ ಕೊಟ್ಟು ಚಿಕಿತ್ಸೆ ಕೊಡಿಸಿ, ಗಟ್ಟಿಯಾದ ಮೇಲೆ ವಾಪಸ್ ಕರೆಯಿರಿ. ಕೆಲಸ ಹೋಗುತ್ತದೆ ಅನ್ನುವ ಭಯ ಇದ್ದರೆ ಅವರು ಮುಚ್ಚಿಡುತ್ತಾರೆ. ಮುಚ್ಚಿಟ್ಟು ಕುಡಿಯುವುದು ಹೇಗೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದ್ದರಿಂದ ಅವರ ಬೆನ್ನಿಗೆ ಒಬ್ಬ ಸೋಷಿಯಲ್ ವರ್ಕರ್ ಇರಬೇಕು, ವಾರಕ್ಕೊಮ್ಮೆ ಕೂರಿಸಿಕೊಂಡು, ನೀನು ಹೇಗಿದ್ದೀಯಪ್ಪ ಅಂತ ಕೇಳೋಕೆ.

ಇನ್ನೊಂದು ಮಾತು ತುಂಬಾ ನೋವಿನಿಂದ ಬರೆಯುತ್ತಿದ್ದೇನೆ. ನಮ್ಮನ್ನು ಕಾವಲುಗಾರರನ್ನಾಗಿ ಮಾಡಬೇಡಿ. ಸರಿಯಾದ ನೋಂದಣಿ ಇಲ್ಲದ ಕೆಲವು ಖಾಸಗಿ ಕೇಂದ್ರಗಳಲ್ಲಿ ಬಿಟ್ಟವರ ಕೈಗೆ ಬೀಗದ ಕೈ ಕೊಟ್ಟು, ರೋಗಿಗಳನ್ನು ಹೆದರಿಸೋಕೆ, ಹೊಡೆಯೋಕೂ ಬಳಸುತ್ತಾರೆ. ಅಂಥ ಕಡೆಯಿಂದ ಬಂದವರ ಬೆನ್ನಿನ ಮೇಲಿನ ಗಾಯ ನಾನು ನೋಡಿದ್ದೇನೆ. ನಿನ್ನೆ ತನಕ ಏಟು ತಿಂದವನೇ ಇವತ್ತು ಏಟು ಕೊಡುತ್ತಾನೆ. ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂರುವವನ ಕೈಯಲ್ಲಿ ಬೀಗದ ಕೈ ಇರಬಾರದು. ಹಾಗೆಯೇ ಟ್ರಾಲಿ ತಳ್ಳೋಕೆ, ನೆಲ ಒರೆಸೋಕೆ ಆಳು ಕಮ್ಮಿ ಇದ್ದಾಗ ನಮ್ಮನ್ನು ಕರೆಯುವುದೂ ಬೇಡ. ಆ ಕೆಲಸ ಕೀಳು ಅಂತಲ್ಲ. ಅದರಲ್ಲಿ ಮುಳುಗಿದರೆ ಸ್ಟೂಲು ಖಾಲಿ ಉಳಿಯುತ್ತದೆ.

ಸಂಬಳ ಯಾಕೆ, ಇದು ಸೇವೆ ಅಲ್ವಾ ಅಂತ ಎಎ ಗೆಳೆಯರೇ ಕೇಳಬಹುದು. ಎಎ ಪದ್ಧತಿಯಲ್ಲಿ ಇನ್ನೊಬ್ಬರಿಗೆ ನೆರವಾಗಿದ್ದಕ್ಕೆ ದುಡ್ಡು ತೆಗೆದುಕೊಳ್ಳುವಂತಿಲ್ಲ. ಅದು ಸರಿಯೇ, ಅದು ಹಾಗೇ ಇರಲಿ. ನಾನು ಕೇಳುವ ಹುದ್ದೆ ಎಎ ಹುದ್ದೆ ಅಲ್ಲ, ಸರ್ಕಾರದ ಹುದ್ದೆ. ಎಎ ಒಗ್ಗದವರೂ, ದೇವರ ಮಾತು ಬೇಡ ಅನ್ನುವವರೂ ಅದಕ್ಕೆ ಬರಬಹುದು. ನಾನು ಮಂಗಳವಾರ ಅಂಗಡಿ ಮುಚ್ಚಿ ಬರುತ್ತೇನೆ. ನನಗೆ ಅಂಗಡಿ ಇದೆ, ನಡೆಯುತ್ತದೆ. ದಿನಗೂಲಿ ಮಾಡುವ ಬಿಟ್ಟವನೊಬ್ಬ, ನನಗಿಂತ ಚೆನ್ನಾಗಿ ಮಾತಾಡುವವನು, ಒಂದು ದಿನದ ಕೂಲಿ ಬಿಟ್ಟು ಹೇಗೆ ಬರಬೇಕು?

ಖರ್ಚಿನ ಲೆಕ್ಕವೂ ಹಾಕಿದ್ದೇನೆ. 31 ಜಿಲ್ಲೆ. ಜಿಲ್ಲೆಗೆ ಇಬ್ಬರಂತೆ 62 ಜನ. ತಿಂಗಳಿಗೆ 20,000 ರೂಪಾಯಿ ಅಂದರೂ ವರ್ಷಕ್ಕೆ 1 ಕೋಟಿ 48 ಲಕ್ಷ 80 ಸಾವಿರ. ತರಬೇತಿಗೆ, ಓಡಾಟಕ್ಕೆ ಇನ್ನೊಂದಿಷ್ಟು ಸೇರಿಸಿಕೊಳ್ಳಿ. ಅಬಕಾರಿಯಿಂದ ನಮ್ಮ ರಾಜ್ಯಕ್ಕೆ ಈಗ ವರ್ಷಕ್ಕೆ 30,000 ಕೋಟಿಗೂ ಜಾಸ್ತಿ ಬರುತ್ತದೆ. ಅದರಲ್ಲಿ ನನ್ನ 14 ವರ್ಷದ ದುಡಿಮೆಯೂ ಸೇರಿತ್ತು. ಹೆಂಡತಿಯ ಎರಡು ಬಳೆಯೂ ಸೇರಿತ್ತು.

ಒಂದೇ ಸಲ 31 ಜಿಲ್ಲೆಗೂ ಆಗದಿದ್ದರೆ ನಾಲ್ಕು ಜಿಲ್ಲೆಯಿಂದ ಶುರು ಮಾಡಿ. ತರಬೇತಿಗೆ ನಿಮ್ಹಾನ್ಸ್ ನಮ್ಮಲ್ಲೇ ಇದೆ. ಒಂದು ವರ್ಷ ನಡೆಸಿ, ಎಷ್ಟು ಜನ ಹದಿನೈದು ದಿನಕ್ಕೆ ಫಾಲೋಅಪ್‌ಗೆ ಬಂದರು ಅಂತ ಎಣಿಸಿ. ಮೊದಲು ಅಷ್ಟು ಎಣಿಸಿದರೂ ಸಾಕು.

ಕೊನೆಗೆ ತಮ್ಮಲ್ಲಿ ಒಂದು ಕೋರಿಕೆ. ಯಾವುದಾದರೂ ಒಂದು ದಿನ ಬಿಡುವು ಮಾಡಿಕೊಂಡು ನಮ್ಮ ಕಡೆ ಬನ್ನಿ. ಉದ್ಘಾಟನೆ, ಹಾರ ಏನೂ ಬೇಡ. ಡಿಸ್ಚಾರ್ಜ್ ಆದ ಯಾರಾದರೂ ಒಬ್ಬರ ಜೊತೆ, ಅವರು ಒಪ್ಪಿದರೆ, ಆಸ್ಪತ್ರೆ ಗೇಟಿನಿಂದ ಬಸ್ ಸ್ಟ್ಯಾಂಡಿನವರೆಗೆ ನಡೆಯೋಣ. ಹತ್ತು ನಿಮಿಷದ ದಾರಿ. ಈಗ ಅಲ್ಲಿ ಬಾರುಗಳು ಮೂರಾಗಿವೆ. ಬಲಗಡೆ ಫುಟ್‌ಪಾತಿನಲ್ಲಿ ಹೋಗೋಣ. ಟೀ ನಾನು ಕೊಡಿಸುತ್ತೇನೆ. ನಮ್ಮೂರ ಬಸ್ಸು ನಾಲ್ಕು ಹತ್ತಕ್ಕಿದೆ.

ಇಂತಿ ನಮಸ್ಕಾರಗಳೊಂದಿಗೆ,
ಬಿಟ್ಟವರಲ್ಲಿ ಒಬ್ಬ